ವಸಂತದ ತೋಟ ಸುತ್ತಾಟ: ಬಸ್ ಹತ್ತುವ ಮುಂಚೆ ಕೇಳುವ ಪ್ರಶ್ನೆಗಳು

ಶನಿವಾರ ಬೆಂಗಳೂರು, ಭಾನುವಾರ ಶ್ರೀರಂಗಪಟ್ಟಣ, ಮೈಸೂರು, ಕೆಆರ್‌ಎಸ್. ಸರ್ಕಾರಿ ತೋಟಗಳ ಜೊತೆಗೆ ಕೆಲವರ ಮನೆ ತೋಟಗಳೂ ಉಂಟು. ಹೆಸರು ಕೊಡುವ ಮೊದಲು ಎಲ್ಲರೂ ಕೇಳುವುದು ಹೆಚ್ಚೂ ಕಡಿಮೆ ಒಂದೇ ಪ್ರಶ್ನೆಗಳನ್ನು. ಹಾಗಾಗಿ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇವೆ. ಪೂರ್ತಿ ಓದಿ, ಆಮೇಲೆ ದುಡ್ಡು ಕಟ್ಟಿ.

ಪ್ರವಾಸ ಯಾವಾಗ? ವಸಂತ ಅಂದರೆ ಯುಗಾದಿ ಆದ ಮೇಲೆ ಅಲ್ವಾ?

ಪಂಚಾಂಗದ ಪ್ರಕಾರ ಹೌದು, ಚೈತ್ರ ವೈಶಾಖವೇ ವಸಂತ. ಆದರೆ ಬೆಂಗಳೂರಿನ ಮರಗಳು ಪಂಚಾಂಗ ನೋಡುವುದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಅಷ್ಟು ಹೊತ್ತಿಗೆ ಬೂರುಗ, ಮುತ್ತುಗ ಎಲ್ಲ ಶುರುವಾಗಿರುತ್ತವೆ. ಯುಗಾದಿ ಬರುವಷ್ಟರಲ್ಲಿ ಹಳದಿ ಟಬೆಬುಯಾ ಅರ್ಧ ಉದುರಿರುತ್ತದೆ. ಅದಕ್ಕೇ ಫೆಬ್ರುವರಿ ಕೊನೆಯಿಂದ ಮಾರ್ಚ್ ಕೊನೆಯೊಳಗೆ ಒಂದು ಶನಿವಾರ, ಭಾನುವಾರ ಇಟ್ಟುಕೊಳ್ಳುತ್ತೇವೆ. ತಾರೀಕನ್ನು ತಿಂಗಳುಗಟ್ಟಲೆ ಮುಂಚೆ ಹೇಳಲು ಆಗುವುದಿಲ್ಲ. ಮೊಗ್ಗು ನೋಡಿಕೊಂಡು ಎರಡು ಮೂರು ವಾರ ಮುಂಚೆ ತಿಳಿಸುತ್ತೇವೆ. ರಜೆ ಹಾಕಬೇಕಾದವರಿಗೆ ಇದು ಕಷ್ಟ ಅಂತ ಗೊತ್ತು, ಆದರೆ ಬೇರೆ ದಾರಿ ಇಲ್ಲ.

ಲಾಲ್‌ಬಾಗ್ ಫ್ಲವರ್ ಶೋ ತೋರಿಸುತ್ತೀರಾ?

ಇಲ್ಲ. ಫ್ಲವರ್ ಶೋ ಇರುವುದು ಜನವರಿಯಲ್ಲಿ ಗಣರಾಜ್ಯೋತ್ಸವಕ್ಕೆ, ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ದಿನಕ್ಕೆ. ನಾವು ಹೋಗುವುದು ಆ ಗದ್ದಲ ಇಲ್ಲದ ಕಾಲದಲ್ಲಿ. ಗಾಜಿನ ಮನೆ ಖಾಲಿ ಇರುತ್ತದೆ. ಖಾಲಿ ಇದ್ದಾಗಲೇ ಅದರ ಕಬ್ಬಿಣದ ಕೆಲಸ ಕಣ್ಣಿಗೆ ಬೀಳುವುದು. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದ. ಆಗ ತೋಟದ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದ್ದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಗಾಜಿನ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸಾಲು ಸಾಲಾಗಿ ಜೋಡಿಸಿದ ಹೂಕುಂಡಗಳು, ಹೂವಿನಲ್ಲಿ ಮಾಡಿದ ಆನೆ, ನವಿಲು ಬೇಕು ಅನ್ನುವವರಿಗೆ ಈ ಪ್ರವಾಸ ಸಪ್ಪೆ ಅನ್ನಿಸಬಹುದು. ನಮ್ಮ ಊರಿನ ವಸಂತ ಇರುವುದು ನೆಲದ ಮೇಲಲ್ಲ, ಮರದ ಮೇಲೆ. ಎರಡು ದಿನ ಕತ್ತು ಎತ್ತಿಕೊಂಡೇ ಓಡಾಡಬೇಕು.

ಹಾಗಾದರೆ ಯಾವ ಯಾವ ಮರ ಹೂ ಬಿಟ್ಟಿರುತ್ತದೆ?

ಎಲ್ಲವೂ ಒಟ್ಟಿಗೆ ಬಿಡುವುದಿಲ್ಲ, ಒಂದಾದ ಮೇಲೆ ಒಂದು. ಗುಲಾಬಿ ಟಬೆಬುಯಾ ಚಳಿಗಾಲದಲ್ಲೇ ಶುರು ಮಾಡಿ, ಕೆಲವು ಕಡೆ ಮಾರ್ಚ್‌ವರೆಗೂ ಎಳೆಯುತ್ತದೆ. ಹಳದಿ ಟಬೆಬುಯಾ ಫೆಬ್ರುವರಿ, ಮಾರ್ಚ್‌ನದ್ದು. ಎಲೆ ಎಲ್ಲ ಉದುರಿಸಿ ಬರೀ ಹೂ ಹೊತ್ತುಕೊಂಡು ನಿಲ್ಲುತ್ತದೆ, ಫೋಟೊ ತೆಗೆಯುವವರಿಗೆ ಹಬ್ಬ. ಮಾರ್ಚ್‌ನಲ್ಲಿ ಜಕರಾಂಡದ ನೀಲಿ ಬರುತ್ತದೆ. ಹೊಂಗೆ ಆಗ ತಿಳಿ ಹಸಿರು ಚಿಗುರಿನಲ್ಲಿ ಹೊಳೆಯುತ್ತಿರುತ್ತದೆ. ಅದರ ಹೂ ನೋಡಬೇಕು ಅಂದರೆ ಮರದ ಕೆಳಗೆ ನೋಡಿ, ರಸ್ತೆ ತುಂಬಾ ಅರಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಗುಲ್‌ಮೊಹರ್, ಕಕ್ಕೆ ಎರಡೂ ಏಪ್ರಿಲ್, ಮೇ ತಿಂಗಳಿನವು. ನಮ್ಮ ಪ್ರವಾಸಕ್ಕೆ ಅವು ಸಿಗುವುದು ಅಪರೂಪ.

ಇವುಗಳ ನಡುವೆ ಜನ ನೋಡದೇ ದಾಟಿ ಹೋಗುವ ಎರಡು ಮೂರು ಮರ ಇವೆ. ಅವನ್ನು ತೋರಿಸುವುದೇ ನಮಗೆ ಖುಷಿ. ಒಂದು, ನಿಜವಾದ ಅಶೋಕ. ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನೇ ಅಶೋಕ ಅಂದುಕೊಂಡವರು ತುಂಬಾ ಜನ. ಸೀತೆ ಕೂತಿದ್ದಳು ಅನ್ನುವ ಅಶೋಕವೇ ಬೇರೆ. ಅದು ಕೊಂಬೆಗೇ ಅಂಟಿಕೊಂಡು ಕೇಸರಿ ಕೆಂಪು ಗೊಂಚಲು ಬಿಡುತ್ತದೆ. ಇನ್ನೊಂದು ಸುರಹೊನ್ನೆ. ಹೂ ಸಣ್ಣದು, ವಾಸನೆ ಮಾತ್ರ ದೂರದಿಂದಲೇ ಕರೆಯುತ್ತದೆ. ಮೂರನೆಯದು ನಾಗಲಿಂಗ. ಬೋಳು ಕಾಂಡದಿಂದಲೇ ಹೂ ಬರುತ್ತದೆ, ಅದೇ ಕಾಂಡದಲ್ಲಿ ಫಿರಂಗಿ ಗುಂಡಿನಂಥ ಕಾಯಿ ನೇತಾಡುತ್ತದೆ. ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಬೇಡಿ, ತಮಾಷೆಗೆ ಹೇಳುತ್ತಿಲ್ಲ.

ಬಿಸಿಲು ಸುಡುವ ಕಾಲದಲ್ಲಿ ಮರಗಳು ಯಾಕೆ ಹೂ ಬಿಡುತ್ತವೆ? ನೀರೇ ಇರುವುದಿಲ್ಲವಲ್ಲ?

ಮಕ್ಕಳು ಕೇಳುವ ಪ್ರಶ್ನೆ ಇದು. ದೊಡ್ಡವರೂ ಕೇಳಬೇಕು. ಎಲೆ ಇದ್ದರೆ ನೀರು ಆವಿಯಾಗಿ ಹೋಗುತ್ತದೆ, ಆದ್ದರಿಂದ ಒಣ ತಿಂಗಳುಗಳಲ್ಲಿ ಹಲವು ಮರಗಳು ಎಲೆ ಕಳಚಿಕೊಳ್ಳುತ್ತವೆ. ಎಲೆ ಇಲ್ಲದ ಕೊಂಬೆಯಲ್ಲಿ ಹೂ ದೂರಕ್ಕೆ ಕಾಣುತ್ತದೆ, ಹಕ್ಕಿಗೂ ಜೇನಿಗೂ ಅಡ್ಡಿ ಇಲ್ಲ. ಈಗ ಹೂ ಬಿಟ್ಟರೆ ಮಳೆಗಾಲದ ಹೊತ್ತಿಗೆ ಬೀಜ ಬಲಿತು ನೆಲಕ್ಕೆ ಬಿದ್ದಿರುತ್ತದೆ, ಮೊದಲ ಮಳೆಗೆ ಮೊಳಕೆ. ಟಬೆಬುಯಾ ಬೀಜಕ್ಕೆ ತೆಳುವಾದ ರೆಕ್ಕೆ ಇದೆ, ಬೇಸಿಗೆ ಗಾಳಿಯಲ್ಲಿ ಹಾರಿ ಹೋಗುತ್ತದೆ. ಬೂರುಗದ್ದು ಹತ್ತಿಯ ಜೊತೆ ತೇಲುತ್ತದೆ.

ಟಬೆಬುಯಾ, ಜಕರಾಂಡ ಎಲ್ಲ ವಿದೇಶಿ ಮರ. ಅದನ್ನು ನೋಡಲು ಬಸ್ ಮಾಡಿಕೊಂಡು ಹೋಗಬೇಕಾ?

ಪ್ರತಿ ಸಲ ಬಸ್ಸಿನಲ್ಲಿ ಯಾರಾದರೂ ಒಬ್ಬರು ಈ ಜಗಳ ತೆಗೆಯುತ್ತಾರೆ. ತೆಗೆಯಲಿ, ಒಳ್ಳೆಯ ಜಗಳವೇ. ಟಬೆಬುಯಾ, ಜಕರಾಂಡ, ಮಳೆ ಮರ ಎಲ್ಲ ಅಮೆರಿಕ ಖಂಡಗಳಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಶಿವನ ಗುಡಿಯಲ್ಲಿ ಪೂಜೆಗೆ ಇಡುವ ನಾಗಲಿಂಗವೂ ದಕ್ಷಿಣ ಅಮೆರಿಕದ್ದೇ.

ಇವು ಹೇಗೆ ಬಂದವು ಅನ್ನುವುದಕ್ಕೆ ಒಂದು ಕತೆ ಇದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅಂತ ಒಬ್ಬ ಜರ್ಮನ್ ತೋಟಗಾರ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ಹತ್ತಿರ ಇದ್ದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ವರ್ಷದಲ್ಲಿ ಯಾವ ತಿಂಗಳು ನೋಡಿದರೂ ಬೆಂಗಳೂರಿನ ಯಾವುದಾದರೂ ರಸ್ತೆಯಲ್ಲಿ ಒಂದು ಮರ ಹೂ ಬಿಟ್ಟಿರಬೇಕು, ಹಾಗೆ ಸರದಿಯ ಮೇಲೆ ಹೂ ಬಿಡುವ ಮರಗಳನ್ನು ಆರಿಸಿ ನೆಡಬೇಕು ಅನ್ನುವುದು ಅವರ ಯೋಚನೆ. 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಅವರದ್ದೇ ಹೆಸರು. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಇವತ್ತು ಬಡಾವಣೆಗಳಲ್ಲಿ ನೀವು ನೆರಳಿಗೆ ಗಾಡಿ ನಿಲ್ಲಿಸುವ ಎಷ್ಟೋ ಮರ ಆಗಿನವು.

ನಮ್ಮ ಅಭಿಪ್ರಾಯ ಕೇಳಿದರೆ, ಇರುವ ವಿದೇಶಿ ಮರವನ್ನು ಬೈಯುವುದು ಬೇಡ, ಹೊಸದಾಗಿ ನೆಡುವಾಗ ಹೊಂಗೆ, ಮುತ್ತುಗ, ಸಂಪಿಗೆ, ನೇರಳೆ ನೆಡೋಣ. ಬೂರುಗದ ಮರದ ಕೆಳಗೆ ಒಂದು ಹತ್ತು ನಿಮಿಷ ನಿಲ್ಲಿ. ಮೈನಾ, ಕಾಜಾಣ, ಸೂರಕ್ಕಿ, ಅಳಿಲು, ಎಲ್ಲ ಮಕರಂದಕ್ಕೆ ಕಿತ್ತಾಡುತ್ತಿರುತ್ತವೆ. ಅದನ್ನು ನೋಡಿದ ಮೇಲೆ ಯಾವ ಗಿಡ ನೆಡಬೇಕು ಅಂತ ನಾವು ಹೇಳಬೇಕಾಗಿಲ್ಲ.

ಮೊದಲ ದಿನ ಎಲ್ಲೆಲ್ಲಿ ಹೋಗುತ್ತೇವೆ?

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರ ಸೇರುವುದು. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣ ಅಲ್ಲೇ ಇದೆ, ಕಾರ್ ತರಬೇಡಿ. ಬಸ್ ತೋಟದೊಳಗೆ ಬರುವುದಿಲ್ಲ, ನಡೆಯುವುದೇ.

ಲಾಲ್‌ಬಾಗ್ ಈಗ ಸುಮಾರು 240 ಎಕರೆ. 1760ರಲ್ಲಿ ಹೈದರಾಲಿ ಶುರು ಮಾಡಿದ್ದು, ಟಿಪ್ಪು ಬೆಳೆಸಿದ್ದು. ಪೂರ್ತಿ ಸುತ್ತಲು ಹೊರಟರೆ ಮಧ್ಯಾಹ್ನ ಆಗುತ್ತದೆ, ಹಾಗಾಗಿ ನಾವು ಆರಿಸಿದ ಮರಗಳ ದಾರಿಯಲ್ಲಿ ಮಾತ್ರ ಹೋಗುತ್ತೇವೆ. ಬಂಡೆ ಮಾತ್ರ ಬಿಡುವುದಿಲ್ಲ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತರೆ ತೋಟದ ಮರಗಳ ತಲೆ ಕಾಣುತ್ತದೆ, ಯಾವುದು ಹೂ ಬಿಟ್ಟಿದೆ, ಎಲ್ಲಿ ಬಿಟ್ಟಿದೆ ಅಂತ ಮೇಲಿನಿಂದಲೇ ಲೆಕ್ಕ ಹಾಕಬಹುದು. ದೊಡ್ಡ ಬಿಳಿ ಬೂರುಗದ ಮರವನ್ನೂ ನೋಡುತ್ತೇವೆ. ಅದರ ಬುಡದ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ, ಮಕ್ಕಳು ಅದರ ಸಂದಿಯಲ್ಲಿ ಅಡಗುತ್ತಾರೆ.

ತಿಂಡಿ ಆದ ಮೇಲೆ ಬಸವನಗುಡಿ, ಜಯನಗರ ಕಡೆ ಎರಡು ಮೂರು ಮನೆ ತೋಟ. ಊಟ, ಸ್ವಲ್ಪ ವಿಶ್ರಾಂತಿ. ಸಂಜೆ ಬಿಸಿಲು ಇಳಿದ ಮೇಲೆ ಕಬ್ಬನ್ ಪಾರ್ಕ್.

ಕಬ್ಬನ್ ಪಾರ್ಕ್‌ಗೆ ಸಂಜೆಯೇ ಯಾಕೆ ಅಂದರೆ, ಲಾಲ್‌ಬಾಗ್ ಮರಗಳನ್ನು ಒಂದೊಂದಾಗಿ ನೋಡುವ ಜಾಗ, ಕಬ್ಬನ್ ಪಾರ್ಕ್ ಸುಮ್ನೆ ಕೂರುವ ಜಾಗ. 1870ರಲ್ಲಿ ರಿಚರ್ಡ್ ಸ್ಯಾಂಕಿ ಅದನ್ನು ರೂಪಿಸಿದ್ದು, ಊರಿನ ಕೆರೆಗೂ ಅವರದ್ದೇ ಹೆಸರು ಇದೆ. ಬಿದಿರ ಮೆಳೆ, ಕೆಂಪು ಬಣ್ಣದ ಗ್ರಂಥಾಲಯ, ಎದುರು ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್. ಅಲ್ಲಿ ಯಾರೂ ವಿವರಣೆ ಕೊಡುವುದಿಲ್ಲ, ನಿಮ್ಮ ಪಾಡಿಗೆ ನೀವು ಇರಬಹುದು.

ಎರಡನೇ ದಿನ?

ಭಾನುವಾರ ಬೆಳಗಿನ ಜಾವ ಐದೂವರೆಗೆ ಬಸ್ ಹೊರಡುತ್ತದೆ. ಆ ದಿನ ಮೆಟ್ರೊ ತಡವಾಗಿ ಶುರುವಾಗುತ್ತದೆ, ಆದ್ದರಿಂದ ಆಟೊ ಅಥವಾ ಕ್ಯಾಬ್ ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಳ್ಳಿ. ಐದೂವರೆ ಅಂದರೆ ಐದೂವರೆಯೇ. ಒಬ್ಬರಿಗೋಸ್ಕರ ಬಸ್ ಕಾದರೆ ಶ್ರೀರಂಗಪಟ್ಟಣದಲ್ಲಿ ಎಲ್ಲರೂ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ.

ಮೊದಲು ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಸುತ್ತ ತೋಟ, ಪಕ್ಕದಲ್ಲಿ ಕಾವೇರಿ. ಗೋಡೆ ತುಂಬಾ ಚಿತ್ರ ಇವೆ, ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಎಲ್ಲರೂ ನೋಡುತ್ತಾರೆ. ನೀವು ಒಂದು ನಿಮಿಷ ಬಾಗಿಲ ಹತ್ತಿರ ನಿಂತು, ಒಳಗಿನ ತಂಪಿನಿಂದ ಹೊರಗಿನ ತೋಟವನ್ನೂ ನೋಡಿ. ಬೇಸಿಗೆ ಅರಮನೆ ಅಂದರೆ ಏನು ಅಂತ ಆಗ ಅರ್ಥವಾಗುತ್ತದೆ. ಅಂದ ಹಾಗೆ ಶ್ರೀರಂಗಪಟ್ಟಣದಲ್ಲೂ ಒಂದು ಲಾಲ್‌ಬಾಗ್ ಇದೆ. ಹೈದರ್, ಟಿಪ್ಪು ಸಮಾಧಿಗಳಿರುವ ಗುಂಬಜ್ ಇರುವುದು ಆ ತೋಟದಲ್ಲಿ.

ಆಮೇಲೆ ಮೈಸೂರು. ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ, ಊಟ, ಒಂದು ಮನೆ ತೋಟ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕೆಆರ್‌ಎಸ್ ಬೃಂದಾವನ. ರಾತ್ರಿ ಹತ್ತರೊಳಗೆ ಬೆಂಗಳೂರು.

ಬೃಂದಾವನದಲ್ಲಿ ಸಂಗೀತ ಕಾರಂಜಿ ನೋಡಿಕೊಂಡು ಬರಬಹುದಾ?

ಇಲ್ಲ, ಕ್ಷಮಿಸಿ. ಅತಿ ಹೆಚ್ಚು ಜನ ಬೇಜಾರು ಮಾಡಿಕೊಳ್ಳುವುದು ಇದಕ್ಕೇ. ಭಾನುವಾರ ಸಂಜೆ ಕಾರಂಜಿ ಕಡೆಗೆ ಹೋಗುವ ಗುಂಪಿನಲ್ಲಿ ನಮ್ಮವರನ್ನು ಹುಡುಕಿ ಬಸ್ ಹತ್ತಿಸುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕತ್ತಲಾದ ಮೇಲೆ ಬಣ್ಣದ ದೀಪ ಕಾಣುತ್ತದೆ, ತೋಟ ಕಾಣುವುದಿಲ್ಲ.

ಬೃಂದಾವನವನ್ನು ಹಗಲಲ್ಲಿ ನೋಡಿದವರು ಕಡಿಮೆ. 1927ರಲ್ಲಿ ಕೆಲಸ ಶುರುವಾಗಿ 1932ರಲ್ಲಿ ಮುಗಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ. ವಿನ್ಯಾಸದಲ್ಲಿ ಮತ್ತೆ ನಮ್ಮ ಕ್ರುಂಬಿಗಲ್ ಅವರ ಕೈ ಇದೆ. ಮೊದಲು ಅದನ್ನು ಟೆರೇಸ್ ಗಾರ್ಡನ್ಸ್ ಅಂತಲೇ ಕರೆಯುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮೂರು ಹಂತ, ನಡುವೆ ಇಳಿದು ಹರಿಯುವ ನೀರು. ಮೊಘಲರು ಬೆಟ್ಟದ ಇಳಿಜಾರನ್ನು ಬಳಸಿಕೊಂಡರು, ಇಲ್ಲಿ ಅಣೆಕಟ್ಟೆಯ ಎತ್ತರವೇ ಆ ಕೆಲಸ ಮಾಡುತ್ತದೆ. ಸಂಜೆಯ ಓರೆ ಬಿಸಿಲಲ್ಲಿ ಮೇಲಿನ ಹಂತದಲ್ಲಿ ನಿಂತು ಕೆಳಗೆ ನೋಡಿ. ಕಾರಂಜಿ ನೋಡಲೇಬೇಕು ಅನ್ನುವವರು ಮೈಸೂರಲ್ಲಿ ಉಳಿದುಕೊಂಡು ಮಾರನೇ ದಿನ ಬನ್ನಿ, ಮೊದಲೇ ಹೇಳಿದರೆ ಸಾಕು.

ಮನೆ ತೋಟ ಅಂದರೆ ಎಷ್ಟು ದೊಡ್ಡದು? ಬಂಗಲೆಗಳಾ?

ಒಂದೆರಡು ಹಳೇ ಕಾಲದ ಮನೆ, ಹಿತ್ತಲು ಇರುವಂಥವು. ಉಳಿದದ್ದೆಲ್ಲ ಮೂವತ್ತು ನಲವತ್ತರ ಸೈಟ್, ತಾರಸಿ ತೋಟ. ಅದೇ ಹೆಚ್ಚು ಉಪಯೋಗ. ಲಾಲ್‌ಬಾಗ್ ನೋಡಿ ಮನೆಗೆ ಹೋಗಿ ನೀವು ಲಾಲ್‌ಬಾಗ್ ಮಾಡುವುದಕ್ಕೆ ಆಗುವುದಿಲ್ಲ. ಆದರೆ ಒಬ್ಬರು ನೀರಿನ ಟ್ಯಾಂಕ್ ಪಕ್ಕದ ಆರಡಿ ಜಾಗದಲ್ಲಿ ಬಸಳೆ ಚಪ್ಪರ ಹಾಕಿದ್ದನ್ನು ನೋಡಿದರೆ ಮಾರನೇ ದಿನವೇ ಶುರು ಮಾಡಬಹುದು.

ಏನೇನಿರುತ್ತದೆ ಅಂದರೆ, ಒಂದೆಲಗ, ದೊಡ್ಡಪತ್ರೆ, ಕರಿಬೇವು, ಟೊಮೆಟೊ, ಬದನೆ, ಗ್ರೋ ಬ್ಯಾಗಿನಲ್ಲಿ ಬೆಳೆದ ಅರಿಶಿನ. ಹೂವಿನಲ್ಲಿ ಕನಕಾಂಬರ, ದಾಸವಾಳ, ಆಗಷ್ಟೇ ಮೊಗ್ಗು ಬಿಡುತ್ತಿರುವ ದುಂಡು ಮಲ್ಲಿಗೆ. ಒಬ್ಬರ ಮನೆಯಲ್ಲಿ ಆರ್ಕಿಡ್, ಇನ್ನೊಬ್ಬರ ಮನೆಯಲ್ಲಿ ಬರೀ ಕಳ್ಳಿ. ಬ್ರಹ್ಮಕಮಲ ಎಲ್ಲರ ಮನೆಯಲ್ಲೂ ಇದೆ, ಅದು ಹೂ ಬಿಡುವುದು ಮಳೆಗಾಲದ ರಾತ್ರಿ, ಈಗ ಬರೀ ಎಲೆ.

ಮನೆಯವರ ಹೆಸರು, ವಿಳಾಸ ಮುಂಚೆ ಕೊಡುವುದಿಲ್ಲ. ಬಸ್ ಅವರ ಬೀದಿಗೆ ಬಂದಾಗಲೇ ಗೊತ್ತಾಗುತ್ತದೆ.

ಮನೆಯವರ ಹತ್ತಿರ ನೆಡಲು ಕಡ್ಡಿ ಕೇಳಬಹುದಾ?

ಕೇಳಬಹುದು. ಕೊಟ್ಟರೆ ತೆಗೆದುಕೊಳ್ಳಿ, ಒದ್ದೆ ಬಟ್ಟೆ ಸುತ್ತಿಡಿ. ಕೊಡದಿದ್ದರೆ ಅಲ್ಲಿಗೆ ಬಿಡಿ. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆಯಲ್ಲ, ಅದನ್ನು ದಯವಿಟ್ಟು ಈ ಎರಡು ದಿನ ಮನೆಯಲ್ಲೇ ಬಿಟ್ಟು ಬನ್ನಿ. ಇಪ್ಪತ್ತು ಜನ ಒಂದೊಂದು ಎಲೆ ಚಿವುಟಿದರೆ ದೊಡ್ಡಪತ್ರೆ ಕುಂಡದಲ್ಲಿ ಏನೂ ಉಳಿಯುವುದಿಲ್ಲ. ಲಾಲ್‌ಬಾಗ್, ಬೃಂದಾವನಗಳಲ್ಲಿ ಹೂ, ಎಲೆ, ಬೀಜ ಯಾವುದನ್ನೂ ಕೀಳುವಂತಿಲ್ಲ. ಕೆಳಗೆ ಬಿದ್ದ ಹೂ ಎತ್ತಿ ಮೂಸುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಮನೆಯವರಿಗೆ ಏನಾದರೂ ತೆಗೆದುಕೊಂಡು ಹೋಗಬೇಕಾ?

ಬೇಕಿಲ್ಲ. ಬರಿಗೈಯಲ್ಲಿ ಹೋಗುವುದಕ್ಕೆ ಮನಸ್ಸಾಗದಿದ್ದರೆ ನಿಮ್ಮ ಮನೆಯ ಬೀಜ ತನ್ನಿ. ಹಳೇ ಅವರೆ, ತಿಂಗಳ ಹುರುಳಿ, ಊರಿನ ಬದನೆ, ಏನಾದರೂ. ಪೇಪರ್ ಕವರಿನಲ್ಲಿ ಹಾಕಿ ಹೆಸರು ಬರೆಯಿರಿ. ಹೂಗುಚ್ಛ ಮಾತ್ರ ಬೇಡ, ತೋಟ ಬೆಳೆಸುವವರಿಗೆ ಕತ್ತರಿಸಿದ ಹೂ ಕೊಡುವುದು ಚೆನ್ನಾಗಿರುವುದಿಲ್ಲ. ಕೆಲವರು ಪಾನಕ, ಮಜ್ಜಿಗೆ ಕೊಡುತ್ತಾರೆ, ಹೆಂಗಸರಿಗೆ ಅರಿಶಿನ ಕುಂಕುಮ ಇರಬಹುದು. ಅದು ಅವರ ಪ್ರೀತಿ, ನಮ್ಮ ಪ್ಯಾಕೇಜಿನ ಭಾಗ ಅಲ್ಲ. ಇನ್ನೊಂದು ಕಾಫಿ ಸಿಗುತ್ತಾ ಅಂತ ಕೇಳಬೇಡಿ.

ಮನೆ ತೋಟದಲ್ಲಿ ಇನ್ನೇನು ನಿಯಮ?

ಚಪ್ಪಲಿ ಕೆಳಗೆ. ತಾರಸಿಗೆ ಒಮ್ಮೆಗೆ ಎಂಟು ಹತ್ತು ಜನ ಮಾತ್ರ, ಉಳಿದವರು ಕೆಳಗೆ ಗೊಬ್ಬರದ ಡ್ರಮ್ ನೋಡುತ್ತಿರಿ. ಮಕ್ಕಳ ಕೈ ಬಿಡಬೇಡಿ, ಹಳೇ ಮನೆಗಳ ಪ್ಯಾರಾಪೆಟ್ ಗಿಡ್ಡ ಇರುತ್ತದೆ. ಫೋಟೊಗೆ ಕೇಳಿಕೊಂಡೇ ತೆಗೆಯಿರಿ. ಗಿಡದ ಫೋಟೊ ಹಾಕಿಕೊಳ್ಳಿ, ಮನೆಯ ಮುಂಭಾಗ, ಗೇಟ್, ಮನೆ ನಂಬರ್, ಮನೆಯವರ ಮುಖ ಬೇಡ. ಲೊಕೇಶನ್ ಹಾಕುವಂತಿಲ್ಲ. ಡ್ರೋನ್ ತರುವ ಯೋಚನೆ ಇದ್ದರೆ ಬರಲೇಬೇಡಿ.

ಇನ್ನೊಂದು. ಬೇರೆಯವರ ತೋಟದಲ್ಲಿ ನಿಂತು "ನಮ್ಮ ಮನೆ ದಾಸವಾಳ ಇದರ ಎರಡರಷ್ಟು ಇದೆ" ಅನ್ನುವವರು ಪ್ರತಿ ಬಸ್ಸಿನಲ್ಲೂ ಒಬ್ಬರು ಇರುತ್ತಾರೆ. ನೀವು ಅವರಾಗಬೇಡಿ.

ಊರಿಗೇ ನೀರಿಲ್ಲದ ಕಾಲದಲ್ಲಿ ತೋಟ ನೋಡಿಕೊಂಡು ಓಡಾಡುವುದು ಸರಿಯಾ?

ಸರಿಯಾದ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ತತ್ವಾರವಾಯಿತು ಅಂದರೆ, ಕುಡಿಯುವ ನೀರನ್ನು ಗಿಡಕ್ಕೆ, ಕಾರ್ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಅದಾದ ಮೇಲೆ ನಾವು ಮನೆ ಆರಿಸುವ ರೀತಿಯೇ ಬದಲಾಗಿದೆ. ಹೂ ಎಷ್ಟಿದೆ ಅನ್ನುವುದಕ್ಕಿಂತ ನೀರು ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳುತ್ತೇವೆ.

ನೀವು ನೋಡುವ ಮನೆಗಳಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಕೆಟ್ಟಿಗೆ ಹೋಗುತ್ತದೆ. ವಾಷಿಂಗ್ ಮೆಷಿನ್‌ನ ಕೊನೆಯ ಸುತ್ತಿನ ನೀರನ್ನು ಕೆಲವರು ಕಲ್ಲುಬಾಳೆ (ಕ್ಯಾನ) ಗಿಡಗಳ ನಡುವೆ ಹಾಯಿಸಿ, ಸೋಸಿ ಬಳಸುತ್ತಾರೆ. ಮಳೆ ನೀರಿನ ತೊಟ್ಟಿ ಇದೆ. ಕುಂಡದ ಮಣ್ಣಿನ ಮೇಲೆ ಒಣ ಎಲೆ ದಪ್ಪವಾಗಿ ಹೊದಿಸಿರುತ್ತಾರೆ, ಅದೊಂದರಿಂದಲೇ ನೀರು ಹಾಕುವ ಸಲ ಕಡಿಮೆಯಾಗುತ್ತದೆ. ಬೀದಿ ಗುಡಿಸುವವರು ಮೂಟೆ ಕಟ್ಟಿದ ಎಲೆಯನ್ನು ಕೇಳಿ ತರುತ್ತಾರೆ. ಗಿಡ ಎಷ್ಟು ನೀರು ಕೇಳುತ್ತದೆ ಅನ್ನುವುದು ನಮ್ಮ ಆಯ್ಕೆಯ ಮೇಲಿದೆ. ಹುಲ್ಲುಹಾಸು ಬೇಡ, ನುಗ್ಗೆ ಬೆಳೆಯಿರಿ.

ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಬರಬಹುದಾ?

ಖಂಡಿತ. ಶನಿವಾರ ಸುಲಭ. ಲಾಲ್‌ಬಾಗ್‌ನಲ್ಲಿ ಬ್ಯಾಟರಿ ಗಾಡಿ ಸಿಗುತ್ತದೆ, ಬಂಡೆ ಹತ್ತದೆ ಕೆಳಗೆ ಕೆರೆ ಹತ್ತಿರ ಕೂರಬಹುದು. ತಾರಸಿ ತೋಟಗಳಿಗೆ ಮೆಟ್ಟಿಲು ಹತ್ತಲೇಬೇಕು, ಲಿಫ್ಟ್ ಇರುವ ಮನೆ ಅಪರೂಪ. ಆಗದವರಿಗೆ ಕೆಳಗೆ ಕುರ್ಚಿ ಹಾಕಿಸುತ್ತೇವೆ, ಮನೆಯ ಅಜ್ಜಿ ಯಾರಾದರೂ ಮಾತಿಗೆ ಸಿಗುತ್ತಾರೆ. ಎಷ್ಟೋ ಸಲ ತೋಟದ ಅಸಲಿ ಕತೆ ಅಲ್ಲೇ ಸಿಗುವುದು. ಬೃಂದಾವನದಲ್ಲಿ ಮೆಟ್ಟಿಲು ಜಾಸ್ತಿ, ನಡಿಗೆಯೂ ಜಾಸ್ತಿ. ಗಾಲಿಕುರ್ಚಿಯಲ್ಲಿ ಬರುವವರು ಮುಂಚೆ ತಿಳಿಸಿದರೆ ಬಸ್ಸಿನ ಮುಂದಿನ ಸೀಟು ಬಿಟ್ಟುಕೊಡುತ್ತೇವೆ. ಆದರೆ ಎಲ್ಲ ಜಾಗಕ್ಕೂ ಕರೆದೊಯ್ಯುತ್ತೇವೆ ಅಂತ ಮಾತು ಕೊಡಲಾರೆವು.

ಯಾವ ಬಸ್? ಎಸಿ ಇದೆಯಾ?

ಇಪ್ಪತ್ತು ಚಿಲ್ಲರೆ ಸೀಟಿನ ಮಿನಿ ಬಸ್. ದೊಡ್ಡ ಬಸ್ ಮಾಡಿದರೆ ತಲೆಗೆ ಖರ್ಚು ಕಡಿಮೆಯಾಗುತ್ತದೆ ನಿಜ, ಆದರೆ ಬಸವನಗುಡಿಯ ಅಡ್ಡರಸ್ತೆಯಲ್ಲಿ ಅದನ್ನು ತಿರುಗಿಸಲು ಆಗುವುದಿಲ್ಲ, ಐವತ್ತು ಜನರನ್ನು ಯಾರ ತಾರಸಿಗೂ ಹತ್ತಿಸಲು ಆಗುವುದಿಲ್ಲ. ಎಸಿ ಭಾನುವಾರ ಮಾತ್ರ ಹಾಕುತ್ತಾರೆ. ಅಂತ್ಯಾಕ್ಷರಿ ಮೈಸೂರು ದಾರಿಯಲ್ಲಿ ಹೋಗುವಾಗ ಇಲ್ಲ, ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಬರುವಾಗ ನಿಮ್ಮಿಷ್ಟ.

ಊಟ, ತಿಂಡಿ?

ಎರಡೂ ದಿನದ ತಿಂಡಿ, ಊಟ ನಾವು ಕಟ್ಟಿಸಿಕೊಳ್ಳುವ ಮೊತ್ತದಲ್ಲಿ ಸೇರಿದೆ. ಸಸ್ಯಾಹಾರ. ಶನಿವಾರ ಒಪ್ಪತ್ತು ಮಾಡುವವರು ಹೇಳಿ, ಮಧ್ಯಾಹ್ನ ಉಪ್ಪಿಟ್ಟೋ ಅವಲಕ್ಕಿಯೋ ಮಾಡಿಸುತ್ತೇವೆ. ಮದ್ದೂರು ವಡೆ ಬಗ್ಗೆ ಪ್ರತಿ ವರ್ಷ ಕೇಳುತ್ತಾರೆ. ಹೊಸ ಹೆದ್ದಾರಿ ಮದ್ದೂರು ಪೇಟೆಗೆ ಇಳಿಯದೆ ಮುಂದೆ ಹೋಗುತ್ತದೆ, ವಡೆ ಬೇಕು ಅಂದರೆ ಹಳೇ ರಸ್ತೆಗೆ ಇಳಿಯಬೇಕು. ಬೆಳಿಗ್ಗೆ ಇಳಿಯುವುದಿಲ್ಲ. ಸಂಜೆ ಬರುವಾಗ ಬಸ್ಸಿನಲ್ಲಿ ಕೈ ಎತ್ತಿಸಿ ನೋಡುತ್ತೇವೆ.

ದುಡ್ಡು ಎಷ್ಟು? ಏನೇನು ಸೇರಿದೆ?

ಬಸ್, ಟೋಲ್, ಎಲ್ಲ ತೋಟಗಳ ಪ್ರವೇಶ ಟಿಕೆಟ್, ಊಟ ತಿಂಡಿ ಸೇರಿ ಒಂದೇ ಮೊತ್ತ. ಬಸ್ ಬಾಡಿಗೆ ಗೊತ್ತಾದ ಮೇಲೆ ತಲೆಗೆ ಭಾಗಿಸಿ ತಾರೀಕಿನ ಜೊತೆಗೇ ಹೇಳುತ್ತೇವೆ. ಇದರಲ್ಲಿ ಲಾಭ ಇಲ್ಲ, ಲೆಕ್ಕವನ್ನು ವಾಪಸ್ ಬರುವಾಗ ಬಸ್ಸಿನಲ್ಲೇ ಓದುತ್ತೇವೆ. ಕ್ಯಾಮೆರಾ ಶುಲ್ಕ, ಬ್ಯಾಟರಿ ಗಾಡಿ, ನೀವು ಕೊಳ್ಳುವ ಗಿಡ ನಿಮ್ಮ ಖರ್ಚು. ಒಂದು ದಿನ ಮಾತ್ರ ಬರುವವರಿಗೆ ಆ ದಿನದ್ದು ಮಾತ್ರ. ಬೇರೆ ಊರಿನವರು ಶನಿವಾರ ರಾತ್ರಿ ಉಳಿಯುವ ವ್ಯವಸ್ಥೆ ತಾವೇ ಮಾಡಿಕೊಳ್ಳಬೇಕು.

ದಾರಿಯಲ್ಲಿ ಗಿಡ ಕೊಳ್ಳಬಹುದಾ?

ಕೊಳ್ಳಬಹುದು, ಒಬ್ಬರಿಗೆ ಎರಡು ಸಣ್ಣ ಕುಂಡ. ಬಸ್ಸಿನ ಹಿಂದಿನ ಡಿಕ್ಕಿಯಲ್ಲಿ ಅಷ್ಟೇ ಜಾಗ. ಲಾಲ್‌ಬಾಗ್‌ನಲ್ಲಿ ನರ್ಸರಿ ಇದೆ, ಆದರೆ ಬೆಳಿಗ್ಗೆ ಕೊಂಡರೆ ಇಡೀ ದಿನ ಬಿಸಿ ಬಸ್ಸಿನಲ್ಲಿ ಬಾಡುತ್ತದೆ. ಇನ್ನೊಂದು ದಿನ ಆರಾಮಾಗಿ ಹೋಗಿ ಕೊಳ್ಳಿ. ಹೂ ತುಂಬಿರುವ ಗಿಡಕ್ಕಿಂತ ಮೊಗ್ಗಿರುವ ಗಿಡ ಆರಿಸಿ. ಎಲೆಯ ಹಿಂಭಾಗ ತಿರುಗಿಸಿ ಹಿಟ್ಟು ತಿಗಣೆ ಇದೆಯಾ ನೋಡಿ. ಬಿಳಿ ಹತ್ತಿಯಂಥದ್ದು ಕಂಡರೆ ಎಷ್ಟೇ ಚೆಂದ ಇದ್ದರೂ ಬಿಡಿ, ಮನೆಯ ಬಾಕಿ ಗಿಡಕ್ಕೆಲ್ಲ ಹತ್ತುತ್ತದೆ. ಮನೆಗೆ ಒಯ್ದ ಮೇಲೂ ಒಂದು ವಾರ ಬೇರೆ ಇಡಿ, ಬೇಸಿಗೆ ಮುಗಿಯುವವರೆಗೆ ದೊಡ್ಡ ಕುಂಡಕ್ಕೆ ಬದಲಾಯಿಸುವ ಆತುರ ಬೇಡ.

ಏನು ತರಬೇಕು?

ಟೋಪಿ, ನೀರಿನ ಬಾಟಲಿ, ನಡೆದು ಅಭ್ಯಾಸವಾಗಿರುವ ಶೂ. ಹೊಸ ಶೂ ಬೇಡ. ಸ್ಟೀಲ್ ಲೋಟ ಒಂದು. ಗಾಢ ಸೆಂಟ್ ಹಾಕಿಕೊಳ್ಳಬೇಡಿ. ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಕಿರುಚಾಡುವುದು, ಕಲ್ಲು ಎಸೆಯುವುದು ಮಾಡಿದರೆ ತೊಂದರೆ ಆಗುವುದು ನಿಮ್ಮೊಬ್ಬರಿಗಲ್ಲ. ಅಲರ್ಜಿ, ಉಬ್ಬಸ ಇರುವವರು ಔಷಧಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಸ್ಸಿನಲ್ಲಿ ಬಿಡಬೇಡಿ. ದುರ್ಬೀನು ಇದ್ದರೆ ತನ್ನಿ, ಬೂರುಗದ ಹತ್ತಿರ ಎಲ್ಲರೂ ಅದನ್ನೇ ಕೇಳುತ್ತಾರೆ.

ನಮ್ಮ ಮನೆ ತೋಟವನ್ನೂ ತೋರಿಸಬಹುದಾ?

ಸಂತೋಷ. ಒಮ್ಮೆ ಬಂದು ನೋಡುತ್ತೇವೆ. ತೋಟ ಅಚ್ಚುಕಟ್ಟಾಗಿ ಇರಬೇಕಿಲ್ಲ, ಅರ್ಧ ಒಣಗಿದ ಟೊಮೆಟೊ ಇದ್ದರೆ ಅದರ ಬಗ್ಗೆಯೇ ಜಾಸ್ತಿ ಮಾತಾಗುತ್ತದೆ. ನಾವು ನೋಡುವುದು ಮೂರೇ ವಿಷಯ: ಮೆಟ್ಟಿಲೂ ಪ್ಯಾರಾಪೆಟ್ಟೂ ಗಟ್ಟಿ ಇವೆಯಾ, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆಯಾ, ನೀವು ಕೈಯಾರೆ ಮಾಡಿದ ತೋಟವಾ. ಗುತ್ತಿಗೆಗೆ ಕೊಟ್ಟು ಮಾಡಿಸಿದ್ದು ಚೆಂದ ಇರಬಹುದು, ಆದರೆ ಪ್ರಶ್ನೆ ಕೇಳಿದರೆ ಉತ್ತರ ಹೇಳುವವರು ಇರುವುದಿಲ್ಲ.

ಮಳೆ ಬಂದರೆ?

ಮಾರ್ಚ್‌ನಲ್ಲಿ ಬಂದರೆ ಸಂಜೆ ಬರುತ್ತದೆ, ಗುಡುಗು ಸಿಡಿಲಿನ ಜೊತೆ. ಸಿಡಿಲು ಇದ್ದರೆ ಮರದ ಕೆಳಗೆ ನಿಲ್ಲುವುದಿಲ್ಲ, ನೇರ ಬಸ್ಸಿಗೆ. ಕಬ್ಬನ್ ಪಾರ್ಕ್ ಬಿಟ್ಟು ಬೇಗ ಮನೆಗೆ ಹೋಗುತ್ತೇವೆ. ಅದಕ್ಕೆ ದುಡ್ಡು ವಾಪಸ್ ಇಲ್ಲ. ಬೆಳಗಿನ ಮಳೆಗೆ ಪ್ರವಾಸ ನಿಲ್ಲಿಸುವುದಿಲ್ಲ, ಛತ್ರಿ ಹಿಡಿದು ನೋಡುತ್ತೇವೆ.

ಹೂವೇ ಇಲ್ಲದಿದ್ದರೆ?

ಹಾಗೂ ಆಗುತ್ತದೆ. ಹಿಂದಿನ ತಿಂಗಳು ಅಕಾಲಕ್ಕೆ ಮಳೆ ಬಿದ್ದರೆ, ಚಳಿ ಸರಿಯಾಗಿ ಬೀಳದಿದ್ದರೆ, ಟಬೆಬುಯಾ ಹದಿನೈದು ದಿನ ಹಿಂದೆ ಮುಂದೆ ಹೋಗುತ್ತದೆ, ಕೆಲವು ಮರ ಆ ವರ್ಷ ನಾಲ್ಕೇ ಗೊಂಚಲು ಬಿಟ್ಟು ಸುಮ್ಮನಾಗುತ್ತದೆ. ಒಂದು ರಾತ್ರಿಯ ಗಾಳಿಗೆ ಇಡೀ ಮರ ಬೋಳಾಗುವುದೂ ಉಂಟು. ಹೊರಡುವ ಹಿಂದಿನ ಬುಧವಾರ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ, ಯಾವುದು ಹೂ ಬಿಟ್ಟಿದೆ ಅಂತ ಫೋಟೊ ಸಮೇತ ಗುಂಪಿಗೆ ಕಳಿಸುತ್ತೇವೆ. ಅದನ್ನು ನೋಡಿ ಬೇಡ ಅನ್ನಿಸಿದರೆ ಗುರುವಾರ ಸಂಜೆಯೊಳಗೆ ಹೇಳಿ, ಪೂರ್ತಿ ದುಡ್ಡು ವಾಪಸ್. ಆಮೇಲೆ ಕೊಡುವುದಿಲ್ಲ, ಊಟಕ್ಕೆ ಹೇಳಿಬಿಟ್ಟಿರುತ್ತೇವೆ.